ಮೋಟಾರಿನ ಮನೆ

ಮನೆ ಕಟ್ಟಿಸುವಾಗ ಪಾಯದ ಆಳವನ್ನೂ ದೇವರಮನೆಯ ದಿಕ್ಕನ್ನೂ ತಿಂಗಳುಗಟ್ಟಲೆ ಚರ್ಚಿಸುವ ಮಹನೀಯರು, ಮೋಟಾರು ನಿಲ್ಲಿಸುವ ಷೆಡ್ಡಿನ ಮಾತು ಬಂದೊಡನೆ, “ಅದಕ್ಕೇನು, ಉಳಿದ ಇಟ್ಟಿಗೆಯಲ್ಲಿ ಮೂರು ಗೋಡೆ ಎಬ್ಬಿಸಿ ಮೇಲೊಂದು ತಗಡು ಹೊದಿಸಿದರಾಯಿತು” ಎಂದುಬಿಡುವರು. ಹಿಂದೆ ಎತ್ತಿಗೂ ಕುದುರೆಗೂ ಕೊಟ್ಟಿಗೆ ಕಟ್ಟಿಸುತ್ತಿದ್ದವರು, ಒಳಗಿರುವುದು ಉಸಿರಾಡುವ ಪ್ರಾಣಿಯೆಂಬುದನ್ನು ಮರೆಯದೆ, ಗಾಳಿಗೆ ಎಡೆಯನ್ನೂ ಗಂಜಲ ಹರಿಯಲು ಇಳಿಜಾರನ್ನೂ ಇಡಿಸುತ್ತಿದ್ದರು. ಮೋಟಾರಿಗೆ ಉಸಿರಿಲ್ಲವೆಂದು ನಾವು ಇವೆರಡನ್ನೂ ಕೈಬಿಟ್ಟಿದ್ದೇವೆ. ಆದರೆ ಮೋಟಾರೂ ಗಾಳಿಯನ್ನು ಸೇವಿಸುತ್ತದೆ. ಅದು ಹೊರಬಿಡುವ ಉಸಿರಾದರೋ ಎತ್ತಿನ ಉಸಿರಿನಂತೆ ನಿರಪಾಯವಾದುದಲ್ಲ.

ಅಳತೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಗಾಡಿಯ ಉದ್ದಗಲಕ್ಕೆ ಸರಿಯಾಗಿ ಕಟ್ಟಿಸಿದರೆ, ಒಳಗೆ ನಿಲ್ಲಿಸಿದ ಮೇಲೆ ಬಾಗಿಲು ತೆರೆದು ಇಳಿಯುವುದು ಹೇಗೆ? ಒಳಗಡೆ 10 ಅಡಿ ಅಗಲಕ್ಕೂ 18 ಅಡಿ ಉದ್ದಕ್ಕೂ ಕಡಿಮೆಯಾಗದಿರಲಿ. ಬಾಗಿಲು 8 ಅಡಿ ಅಗಲವಾಗಿದ್ದು ಹೊರಕ್ಕೆ ತೆರೆಯುವಂತಿರಲಿ.

ನೆಲವು ಅಂಗಳಕ್ಕಿಂತ ಆರು ಅಂಗುಲವಾದರೂ ಎತ್ತರವಾಗಿರಬೇಕು. ಪಾಯದೊಳಕ್ಕೆ ತುಂಬಿದ ಮಣ್ಣನ್ನು ಪದರಪದರವಾಗಿ ನೀರು ಹಾಕಿ ದಿಮ್ಮಸಿನಿಂದ ಬಡಿಸಿ, ಅದರ ಮೇಲೆ ನಾಲ್ಕು ಅಂಗುಲ ದಪ್ಪ ಕಾಂಕ್ರೀಟು ಹಾಕಿಸಬೇಕು. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಸಾಕು. ಬಾಗಿಲ ಕಡೆಗೆ ಐದು ಅಡಿಗೆ ಒಂದು ಅಂಗುಲದಂತೆ ಇಳಿಜಾರಿದ್ದರೆ ತೊಳೆದ ನೀರು ತಾನಾಗಿ ಹೊರಟುಹೋಗುವುದು. ಮೂರನೆಯ ದಿನವೇ ಮೇಸ್ತ್ರಿಯು, “ಗಟ್ಟಿಯಾಯಿತು ಸ್ವಾಮಿ, ಗಾಡಿ ಬಿಡಬಹುದು” ಎನ್ನುವನು. ಅವನ ಮಾತಿಗೆ ಒಪ್ಪಬೇಡಿ. ಸಿಮೆಂಟು ಗಟ್ಟಿಯಾಗುವುದು ನೀರು ಆರುವುದರಿಂದಲ್ಲ, ನೀರಿನೊಡನೆ ಸಂಯೋಗ ಹೊಂದುವುದರಿಂದ; ಆದಕಾರಣ ಹತ್ತು ದಿನವಾದರೂ ಒದ್ದೆಯ ಗೋಣಿಯನ್ನು ಹೊದಿಸಿರಬೇಕು. ಪಡಸಾಲೆಯಲ್ಲಿ ಕಣ್ಣಿಗೆ ಹಬ್ಬವಾಗುವ ಕೆಂಪು ಗಾರೆಯ ನುಣುಪು ಇಲ್ಲಿ ಬೇಡ. ಎಣ್ಣೆಯ ಹನಿ ಬಿದ್ದ ನುಣುಪು ನೆಲದ ಮೇಲೆ ಕಾಲು ನಿಲ್ಲದು.

ಮಾಡಿಗೆ ನನ್ನ ಒಲವು ಹೆಂಚಿನ ಕಡೆಗೇ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಈ ಕೈಗಾರಿಕೆಯ ಹೆಂಚುಗಳು ಒಂದರೊಳಗೊಂದು ಕಚ್ಚಿ ಕುಳಿತು ಮಳೆಯನ್ನು ತಡೆಯುವುವು; ಸಂದುಗಳಲ್ಲಿ ಬಿಸಿಗಾಳಿಯನ್ನು ಮಾತ್ರ ಹೊರಕ್ಕೆ ಬಿಡುವುವು. ಎರಡು ಅಡಿಗೆ ಒಂದು ಅಡಿಯಂತೆ ಏರು ಕೊಡಬೇಕು. ಮಲೆನಾಡಿನಲ್ಲಿ ಇನ್ನೂ ಕಡಿದಾಗಿರಲಿ. ತಗಡನ್ನೇ ಹೊದಿಸುವವರು ಮೊಳೆಯನ್ನು ಅಲೆಯ ತಗ್ಗಿನಲ್ಲಿ ಹೊಡೆಸದೆ ಉಬ್ಬಿನಲ್ಲಿ ಹೊಡೆಸಬೇಕು. ನೀರು ಹರಿಯುವುದು ತಗ್ಗಿನಲ್ಲಿ. ಆಸ್ಬೆಸ್ಟಾಸ್ ಎಂಬ ಕಲ್ನಾರಿನ ಹಲಗೆಯನ್ನಂತೂ ಹೊಸದಾಗಿ ತರಿಸಬೇಡಿ. ಅದರ ಎಳೆ ಶ್ವಾಸಕೋಶವನ್ನು ಸೇರಿದರೆ ಎಷ್ಟೋ ವರ್ಷಗಳ ತರುವಾಯವೂ ಅರ್ಬುದ ರೋಗವನ್ನು ತರಬಲ್ಲದು. ಬ್ರಿಟನ್ನಿನಲ್ಲಿ 1999ರಲ್ಲಿ ಅದನ್ನು ನಿಷೇಧಿಸಿದರು. ಹಳೆಯ ಷೆಡ್ಡಿನ ಮೇಲೆ ಅದು ಈಗಾಗಲೇ ಇದ್ದರೆ ಗರಗಸ, ಬೈರಿಗೆಗಳನ್ನು ತಾಕಿಸದಿರುವುದು ಕ್ಷೇಮ.

ಇನ್ನು ಗಾಳಿಯ ವಿಚಾರ. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿರುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತು ಸಾಗಿಸುವ ಕೆಂಪು ದ್ರವ್ಯವು ಆಮ್ಲಜನಕಕ್ಕಿಂತಲೂ ಈ ಅನಿಲವನ್ನೇ ಇನ್ನೂರು ಪಟ್ಟಿಗೂ ಮಿಗಿಲಾದ ಬಿಗಿಯಿಂದ ಹಿಡಿದುಕೊಳ್ಳುವುದು. ಚಳಿಗಾಲದ ಬೆಳಗಿನಲ್ಲಿ ಬಾಗಿಲು ಮುಚ್ಚಿಕೊಂಡು ಎಂಜಿನ್ನನ್ನು ಬಿಸಿಮಾಡುವವನಿಗೆ ಮೊದಲು ತಲೆನೋವು, ಆಮೇಲೆ ಮಂಪರು; ಎದ್ದು ಹೋಗಬೇಕೆಂಬ ಬುದ್ಧಿ ಬರುವ ವೇಳೆಗೆ ಕಾಲಿನಲ್ಲಿ ಶಕ್ತಿಯಿರುವುದಿಲ್ಲ. ವಿದ್ಯುತ್ತು ಹೋದಾಗ ಜನರೇಟರನ್ನು ಷೆಡ್ಡಿನೊಳಗೆ ನಡೆಸುವವರಿಗೂ ಇದೇ ಮಾತು. ಪೆಟ್ರೋಲಿನ ಆವಿಯ ಸ್ವಭಾವ ಬೇರೆ. ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದುದರಿಂದ ಅದು ನೆಲವನ್ನು ಹಿಡಿದು ಹರಿದು, ತಗ್ಗಿರುವಲ್ಲಿ ನಿಂತು, ಒಂದು ಕಿಡಿಯನ್ನು ಕಾಯುತ್ತಿರುವುದು. ಆದುದರಿಂದ ಸೂರಿನ ಕೆಳಗೆ ಮಾತ್ರವೇ ಜಾಲಂಧ್ರವಿಟ್ಟರೆ ಸಾಲದು. ಎದುರುಬದುರು ಗೋಡೆಗಳಲ್ಲಿ ನೆಲದಿಂದ ಅರ್ಧ ಅಡಿಯ ಮೇಲೆಯೂ ಎರಡೆರಡು ಕಿಂಡಿಗಳನ್ನು ಬಿಟ್ಟು, ಇಲಿ ಹಾವುಗಳು ನುಗ್ಗದಂತೆ ತಂತಿಯ ಬಲೆ ಹೊಡೆಸಬೇಕು. ಕಿಂಡಿಯಿದೆಯೆಂಬ ಧೈರ್ಯದಿಂದ ಒಳಗೆ ಎಂಜಿನ್ನು ನಡೆಸಬಹುದೆಂದು ಯಾರೂ ತಿಳಿಯಬಾರದು. ಮಲಗುವ ಕೋಣೆಗೂ ಷೆಡ್ಡಿಗೂ ನಡುವೆ ಕಿಟಕಿಯಾಗಲಿ ಬಾಗಿಲಾಗಲಿ ಬೇಡವೇ ಬೇಡ. ಮಕ್ಕಳು ಮಲಗುವ ಕೋಣೆಯಾದರಂತೂ ಹೇಳತಕ್ಕದ್ದೇನು!

ಉಳಿದುದು ಮೇಲುಗೆಲಸ. ಒಳಗೋಡೆಗೆ ದುಬಾರಿ ಬಣ್ಣಕ್ಕಿಂತ ಸುಣ್ಣವೇ ಮೇಲು: ಗೋಡೆಯ ತೇವವು ಅದರ ಮೂಲಕ ಆರಿಹೋಗುವುದು, ಕತ್ತಲೆಯೂ ಕಡಿಮೆಯಾಗುವುದು. ಮರದ ಕಂಬಗಳನ್ನು ಮಣ್ಣಿನಲ್ಲಿ ಹೂಳಿಸದೆ ಕಲ್ಲಿನ ಮೇಲೆ ನಿಲ್ಲಿಸಿದರೆ ಗೆದ್ದಲಿನ ಉಪದ್ರವ ತಗ್ಗುವುದು. ಬಾಗಿಲಿನ ಮುಖಕ್ಕೆ ಮೂರು ಕೈ ಬಣ್ಣ ಬಳಿಯುವ ಕೆಲಸಗಾರರು ಅದರ ಕೆಳಅಂಚನ್ನು ಮುಟ್ಟುವುದೇ ಇಲ್ಲ. ಮಳೆಯ ನೀರನ್ನು ಹೀರುವುದು ಆ ಅಂಚೇ. ಬಾಗಿಲನ್ನು ಕೀಲಿಗೆ ಏರಿಸುವುದಕ್ಕೆ ಮುಂಚೆ, ಅದನ್ನು ಅಂಗಳದಲ್ಲಿ ಒರಗಿಸಿರುವಾಗಲೇ, ನಿಂತು ನೋಡಿ ಆ ಅಂಚಿಗೂ ಬಣ್ಣ ಬಳಿಸಿರಿ.