ಅಲುಗಾಡದ ಸ್ಟೂಲು
ಅಡುಗೆಮನೆಯ ಅಟ್ಟಕ್ಕೆಂದು ಅತ್ತೆಯವರು ಪ್ಲಾಸ್ಟಿಕ್ ಕುರ್ಚಿ ಹತ್ತುವುದನ್ನು ನೋಡಲಾರದೆ ಹಲಸಿನ ಹಲಗೆ ತಂದೆ. ಸ್ಟೂಲಿನ ಜೀವವೆಲ್ಲ ಕೆಳಗಿನ ಅಡ್ಡಪಟ್ಟಿಯಲ್ಲಿದೆ. ಅದಿಲ್ಲದಿದ್ದರೆ ಕಾಲುಗಳಾಗಿ ನಿಲ್ಲುವ ಪಕ್ಕದ ಎರಡು ಹಲಗೆಗಳೂ ಬೇಗನೆ ವಾಲಾಡತೊಡಗುತ್ತವೆ. ಅವುಗಳ ನಾರು ಮೇಲಿಂದ ಕೆಳಕ್ಕೇ ಇರಬೇಕು, ಅಡ್ಡನಾರಿನ ಕಾಲು ಭಾರಕ್ಕೆ ಸೀಳುತ್ತದೆ. ಮರದ ಕೊಯ್ದ ತುದಿಯೊಳಗೆ ಇಳಿಸಿದ ಸ್ಕ್ರೂಗೆ ಹಿಡಿತ ಕಡಿಮೆ. ಹಾಗಾಗಿ ಒಳಮೂಲೆಗೆ ರೀಪು ಕೊಟ್ಟು, ಮೇಲ್ಹಲಗೆಯನ್ನು ಅದಕ್ಕೇ ಬಿಗಿಯುತ್ತೇನೆ. ಮೊದಲು ಸಣ್ಣ ಬಿಟ್‌ನಲ್ಲಿ ತೂತು, ನಂತರ ಫೆವಿಕಾಲ್, ಆಮೇಲೆ ಸ್ಕ್ರೂ. ರಾತ್ರಿಯಿಡೀ ಕ್ಲಾಂಪ್ ಬಿಚ್ಚುವಂತಿಲ್ಲ. ಅವಸರದವರು ಬಜಾರಿನಲ್ಲೇ ಕೊಳ್ಳಲಿ! ಮೇಲ್ಹಲಗೆ ಕಾಲುಗಳಿಂದಾಚೆ ಹೆಚ್ಚು ಚಾಚಿದರೆ, ಅಂಚಿಗೆ ಹೆಜ್ಜೆಯಿಟ್ಟಾಗ ಮಗುಚುತ್ತದೆ. ಕಾಲಿನ ಗಿಡ್ಡ ಮೂಲೆಯಡಿ ಅಲುಗಾಟ ನಿಲ್ಲುವಷ್ಟು ರಟ್ಟು ಇಟ್ಟು, ಉಳಿದ ಮೂಲೆಗಳಿಗೆ ಅದೇ ದಪ್ಪಕ್ಕೆ ಗೆರೆ ಎಳೆದು ಉಜ್ಜಿದರೆ ಕುಂಟುವುದಿಲ್ಲ. ಮೆಟ್ಟುವ ಭಾಗಕ್ಕೆ ವಾರ್ನಿಷ್ ಬೇಡವೆಂದೆ, ಒದ್ದೆ ಕಾಲು ಜಾರುತ್ತದೆ.