ಕಾಯಕ ಒಂದು, ರೀತಿ ಹಲವು

ಜಾತ್ರೆಯ ದಾಸೋಹದಲ್ಲಿ ಒಬ್ಬರು ಲೆಕ್ಕ ಬರೆಯದೆ ಅಕ್ಕಿಯ ಚೀಲ ಬಿಚ್ಚಗೊಡರು. ಇನ್ನೊಬ್ಬರು ಮೊದಲು ಒಲೆ ಹೊತ್ತಿಸುವವರು, ಲೆಕ್ಕ ಆಮೇಲೆ ಎನ್ನುವವರು. ಇಬ್ಬರೂ ಪ್ರಾಮಾಣಿಕರೇ. ಆದರೂ ಅವರ ಮನಸ್ತಾಪದಿಂದ ಪಂಕ್ತಿಯಲ್ಲಿ ಕುಳಿತ ಭಕ್ತರು ಹಸಿದದ್ದನ್ನು ನಾವು ಕಂಡಿದ್ದೇವೆ.

ಇಂಥ ಸಮಯದಲ್ಲಿ ಶೂನ್ಯಸಂಪಾದನೆಯ ಪ್ರಸಂಗವೊಂದನ್ನು ನೆನೆಯಬೇಕು. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮರು ಕೆರೆ ಕಟ್ಟಿಸಿದ ಕರ್ಮಯೋಗಿಗಳು. ಅಲ್ಲಮಪ್ರಭುಗಳು ಒಂದೆಡೆ ನಿಲ್ಲದ ವಿರಾಗಿಗಳು. ಸಿದ್ಧರಾಮರದು ಬರೀ ಕಲ್ಲು ಮಣ್ಣಿನ ಕೆಲಸವೆಂದು ಪ್ರಭುಗಳು ಜರೆದಾಗ ಶಿಷ್ಯರು ಕಲ್ಲೆತ್ತಿದರು, ಸಿದ್ಧರಾಮರೂ ಕನಲಿದರು. ಆದರೆ ಕೋಪ ಇಳಿದ ಮೇಲೆ ಅವರು ಮಾತಿನ ಒರಟನ್ನು ಬಿಟ್ಟು ಹುರುಳನ್ನು ಹಿಡಿದರು. ಪ್ರಭುಗಳೂ ಜರೆದು ಹೊರಟುಹೋಗದೆ ಅವರನ್ನು ಕಲ್ಯಾಣಕ್ಕೆ ಕರೆದೊಯ್ದರು. ಅಲ್ಲಿ ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆ ಪಡೆದ ಸಿದ್ಧರಾಮರು ಮುಂದೆ ಶೂನ್ಯಸಿಂಹಾಸನವನ್ನೇ ಏರಿದರು.

ಹೆಜ್ಜೆ ಕೂಡದ ಎತ್ತುಗಳನ್ನು ರೈತ ಆ ಕ್ಷಣವೇ ಮಾರುವುದಿಲ್ಲ. ನೊಗ ಸರಿಪಡಿಸಿ ಹೂಡುತ್ತಾನೆ. ಹಾಗೆಯೇ ಲೆಕ್ಕದವರು ಹಿಂದಿನ ರಾತ್ರಿಯೇ ಅಕ್ಕಿ ಅಳೆದಿಡಲಿ, ಒಲೆಯವರು ಬಿಚ್ಚಿದ ಚೀಲವನ್ನು ಅಂದೇ ಬರೆಸಲಿ. ಹಸಿದು ಬಂದವರಿಗೆ ಹೊತ್ತಿಗೆ ಸರಿಯಾಗಿ ಪ್ರಸಾದ ದೊರೆತರೆ ಇಬ್ಬರ ಕಾಯಕವೂ ಶಿವನಿಗೆ ಸಲ್ಲುತ್ತದೆ.