ಶೇಕಡಾ ಲೆಕ್ಕವೂ ಮೊದಲಿನ ಅಂಕಿಯೂ

ಗಜೇಂದ್ರಗಡ ತಾಲೂಕಿನ ಮುಶಿಗೇರಿಯ ಎರೆಯ ಹೊಲಗಳಲ್ಲಿ ಹಿಂಗಾರಿಯ ಪೀಕೆಂದರೆ ಮುಖ್ಯವಾಗಿ ಜೋಳ ಮತ್ತು ಕಡಲೆ. ಮಳೆ ತಪ್ಪಿದ ವರ್ಷ ಇಂತಿಷ್ಟು ಶೇಕಡಾ ಹಾನಿಯಾಯಿತೆಂಬ ಮಾತು ಊರಕಟ್ಟೆಯ ಮೇಲೆ ಎಲ್ಲರ ಬಾಯಲ್ಲಿಯೂ ಕೇಳಬರುವದು; ಆದರೆ ಅದು ಯಾವ ಅಂಕಿಯ ಮೇಲಿನ ಶೇಕಡಾ ಎಂದು ವಿಚಾರಿಸುವವರು ವಿರಳ.

ಒಬ್ಬ ಒಕ್ಕಲಿಗನ ಹೊಲದಲ್ಲಿ ಸಾಧಾರಣ ವರ್ಷ ಎಕರೆಗೆ 5 ಕ್ವಿಂಟಲ್ ಕಡಲೆ ಬರುತ್ತಿದ್ದು, ಈ ಸಲ ಮೂರೂವರೆ ಕ್ವಿಂಟಲ್ ಬಂದಿತೆಂದು ಭಾವಿಸಬೇಕು. ಕಡಿಮೆಯಾದದ್ದು ಒಂದೂವರೆ ಕ್ವಿಂಟಲ್. ಇದನ್ನು ಕೈಗೆ ಬಂದ ಮೂರೂವರೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ 43ರ ಸಮೀಪ ಬರುವದು; ಮೊದಲಿನ 5ರಿಂದ ಭಾಗಿಸಿದರೆ 30 ಮಾತ್ರ. ಎರಡನೆಯದೇ ಸರಿ. ಏರಿಕೆಯಿರಲಿ, ಇಳಿಕೆಯಿರಲಿ, ವ್ಯತ್ಯಾಸವನ್ನು ಮೊದಲಿನ ಅಂಕಿಯಿಂದಲೇ ಭಾಗಿಸತಕ್ಕದ್ದು.

ಈ ಭೇದವು ಅಲ್ಪವಾದುದಲ್ಲ. ಸರಕಾರದ ವಿಪತ್ತು ಪರಿಹಾರದ ನಿಯಮದಂತೆ ಪೀಕಿನ ಹಾನಿಯು ಶೇಕಡಾ 33 ಅಥವಾ ಅದಕ್ಕೂ ಹೆಚ್ಚಾಗಿದ್ದರೆ ಮಾತ್ರ ಸಹಾಯಧನ ದೊರೆಯುವದು. 2015ಕ್ಕೆ ಮುಂಚೆ ಈ ಮಿತಿಯು ಶೇಕಡಾ 50 ಇದ್ದಿತು. ಮೇಲಿನ ಒಕ್ಕಲಿಗನು ತನ್ನ ಹಾನಿ 43 ಎಂದು ನಂಬಿ, ಬಾರದ ಹಣದ ಭರವಸೆಯ ಮೇಲೆ ಬೀಜ ಗೊಬ್ಬರಗಳಿಗೆ ಸಾಲ ಎತ್ತಿದರೆ ಅವನ ಗತಿಯೇನು? ಅದೇ ಹೊಲದಲ್ಲಿ ಮೂರುಕಾಲು ಕ್ವಿಂಟಲ್ ಬಂದಿದ್ದರೆ ಹಾನಿಯು ಶೇಕಡಾ 35 ಆಗಿ ಮಿತಿಯನ್ನು ದಾಟುತ್ತಿದ್ದಿತು. ಕಾಲು ಕ್ವಿಂಟಲಿನಲ್ಲಿ ಇಷ್ಟು ಅಂತರ! ಆದಕಾರಣ ರಾಶಿಯ ದಿನವೇ ಚೀಲಗಳ ತೂಕವನ್ನು ವಹಿಯಲ್ಲಿ ಬರೆದಿಡುವದು ಅವಶ್ಯ. ಹಿಂದಿನ ವರ್ಷಗಳ ಅಂಕಿಯೇ ಇಲ್ಲದವನು ಯಾವುದರಿಂದ ಭಾಗಿಸಬೇಕು?

ಧಾರಣೆಯ ವಿಷಯದಲ್ಲಿಯೂ ಹೀಗೆಯೇ. ಹೆಸರಿನ ಬೆಂಬಲ ಬೆಲೆಯು ಕ್ವಿಂಟಲಿಗೆ 2022-23ರಲ್ಲಿ 7,755 ರೂಪಾಯಿ ಇದ್ದು, 2023-24ರಲ್ಲಿ 8,558 ಆಯಿತು. ಏರಿದ 803 ರೂಪಾಯಿಯು ಶೇಕಡಾ 10ಕ್ಕಿಂತ ತುಸು ಹೆಚ್ಚು. ಮರುವರ್ಷ ಅದು 8,682ಕ್ಕೆ ಏರಿತು. ಈ ಏರಿಕೆಯು ಶೇಕಡಾ ಒಂದೂವರೆಯಷ್ಟೂ ಇಲ್ಲ. ಎರಡು ವರ್ಷವೂ ಬೆಲೆ ಏರಿತೆಂಬುದು ನಿಜ. ಆದರೆ ಆಳಿನ ಕೂಲಿಯು ಅದೇ ಅವಧಿಯಲ್ಲಿ ಶೇಕಡಾ ಎಷ್ಟು ಏರಿತೆಂಬುದನ್ನು ಪಕ್ಕದಲ್ಲಿಟ್ಟು ನೋಡಿದ ಹೊರತು ಲಾಭವೋ ನಷ್ಟವೋ ತಿಳಿಯದು.

ಪೇಟೆಯಲ್ಲಿ ಇನ್ನೊಂದು ಭ್ರಮೆಯುಂಟು. ಈರುಳ್ಳಿಯ ಧಾರಣೆಯು 2,000ದಿಂದ 1,000ಕ್ಕೆ ಇಳಿದರೆ ಇಳಿಕೆ ಶೇಕಡಾ 50. ಬಳಿಕ ಶೇಕಡಾ 50 ಏರಿತೆಂದು ಕೇಳಿದೊಡನೆ ಹಳೆಯ ಧಾರಣೆ ಮರಳಿತೆಂದು ಗಾಡಿ ಹೂಡಿದವನಿಗೆ ಪೇಟೆಯಲ್ಲಿ ಸಿಕ್ಕುವದು 1,500 ಮಾತ್ರ. 1,000ವು ತಿರುಗಿ 2,000 ಆಗಬೇಕಾದರೆ ಶೇಕಡಾ 100 ಏರಬೇಕು.